ಹದಿನೈದೈದ್ಲ ಎಪ್ಪತ್ತೈದು

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಸ್ಕಾಲರ್‌ಶಿಪ್ ಕಡಿತದ, ಅಂದರೆ ಕಾಲೇಜೇ ಫೀಸು ಕಟ್ಟಿ ಆಡಿಸುವ ಹುಡುಗರ ಸಂಖ್ಯೆ ಇಳಿಸುವ ಶಿಕ್ಷೆ ಬಿದ್ದ ತಂಡ ಮೊದಲ ಒಂದೆರಡು ವರ್ಷ ಚೆನ್ನಾಗಿಯೇ ಆಡುತ್ತದೆ. ಇದು ನನಗೆ ತಿಳಿದದ್ದು ಪುಸ್ತಕದಿಂದಲ್ಲ, ಅಂಥದ್ದೊಂದು ತಂಡದ ಹುಡುಗರಿಗೆ ಸಂಖ್ಯಾಶಾಸ್ತ್ರ ಹೇಳಿಕೊಡುತ್ತ. 2011ರ ಆಗಸ್ಟ್‌ನಲ್ಲಿ ನಾನು ಎಂ.ಎಸ್. ಮಾಡಲೆಂದು ಲಾಸ್ ಏಂಜಲೀಸ್‌ನ ಯುನಿವರ್ಸಿಟಿ ಆಫ್ ಸದರ್ನ್ ಕ್ಯಾಲಿಫೋರ್ನಿಯಾಕ್ಕೆ, ಅಂದರೆ ಯುಎಸ್‌ಸಿಗೆ ಹೋದೆ. ಆಮೇಲೆ ಅಲ್ಲೇ ಪಿಎಚ್‌ಡಿಗೂ ಉಳಿದೆ. ಹಾಗಾಗಿ ಆ ಶಿಕ್ಷೆಯ ಪೂರ್ತಿ ಅವಧಿ, ಅದು ಮುಗಿದ ಮೇಲಿನ ಬಾಲವೂ ಸೇರಿ, ನನ್ನ ಕಣ್ಣೆದುರೇ ಕಳೆಯಿತು.

ಶಿಕ್ಷೆಯ ಹಿನ್ನೆಲೆ ಸ್ವಲ್ಪ ಹೇಳಬೇಕು. 2000ರ ದಶಕದ ಮಧ್ಯಭಾಗದಲ್ಲಿ ಪೀಟ್ ಕ್ಯಾರೊಲ್ ಕೋಚ್ ಆಗಿದ್ದಾಗ ಯುಎಸ್‌ಸಿಯನ್ನು ಹಿಡಿಯುವವರೇ ಇರಲಿಲ್ಲ. ಚೆಂಡು ಹಿಡಿದು ಓಡುವ ರೆಜಿ ಬುಷ್ ಎಂಬ ಓಟಗಾರ, ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿಯನ್ನು 2005ರಲ್ಲಿ ಗೆದ್ದ. ಅವನು ಕಾಲೇಜಿನಲ್ಲಿದ್ದಾಗಲೇ ಅವನ ಮನೆಯವರು ಏಜೆಂಟರಾಗಲು ಹೊರಟಿದ್ದವರಿಂದ ಹಣ, ಬಾಡಿಗೆಯಿಲ್ಲದ ಮನೆ ಎಲ್ಲ ಪಡೆದಿದ್ದರು ಎಂಬುದು ಆಮೇಲೆ ಹೊರಬಿತ್ತು. ಕಾಲೇಜು ಕ್ರೀಡೆಗಳನ್ನು ಆಳುವ ಎನ್‌ಸಿಎಎ ನಾಲ್ಕು ವರ್ಷ ತನಿಖೆ ನಡೆಸಿ 2010ರ ಜೂನ್ 10ರಂದು ತೀರ್ಪು ಕೊಟ್ಟಿತು. ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ತಂಡಗಳಿಗೆ ಸಿಗುವ ಬೌಲ್ ಪಂದ್ಯಗಳಿಗೆ ಎರಡು ವರ್ಷ ನಿಷೇಧ. 14 ಗೆಲುವುಗಳು ದಾಖಲೆಯಿಂದ ಮಾಯ. ನಾಲ್ಕು ವರ್ಷ ಪ್ರೊಬೇಷನ್, ಅಂದರೆ ನಿಗಾ. ಮೂರು ವರ್ಷಗಳಲ್ಲಿ ಒಟ್ಟು 30 ಸ್ಕಾಲರ್‌ಶಿಪ್ ಕಡಿತ. ಆ ಹೊತ್ತಿಗೆ ಬುಷ್ ವೃತ್ತಿಪರರ ಲೀಗ್ ಆದ ಎನ್‌ಎಫ್‌ಎಲ್‌ನಲ್ಲಿ ಅದರ ಫೈನಲ್ಲಾದ ಸೂಪರ್ ಬೌಲ್ ಗೆದ್ದಾಗಿತ್ತು. ಕ್ಯಾರೊಲ್ ಅದೇ ಜನವರಿಯಲ್ಲಿ ಸಿಯಾಟಲ್ ತಂಡಕ್ಕೆ ಹೊರಟುಹೋಗಿದ್ದರು.

ಕ್ಯಾಂಪಸ್‌ನಲ್ಲಿ ಜನ ಮಾತಾಡುತ್ತಿದ್ದದ್ದೆಲ್ಲ ಬೌಲ್ ನಿಷೇಧದ ಬಗ್ಗೆ, ಕಳೆದುಕೊಂಡ ಟ್ರೋಫಿಗಳ ಬಗ್ಗೆ. ಮೂವತ್ತು ಸ್ಕಾಲರ್‌ಶಿಪ್ ಅನ್ನುವುದು ಕೊನೆಯಲ್ಲಿ ಸೇರಿಸುವ ಒಂದು ವಾಕ್ಯ. ಊರಲ್ಲಿ ಮಾತ್ರ ಅದೇ ದೊಡ್ಡ ಸುದ್ದಿಯಾಗಿತ್ತು. ತೀರ್ಥಹಳ್ಳಿಯಿಂದ ಅಪ್ಪಯ್ಯನ ಫೋನು: "ಅಲ್ಲ ಮಾರಾಯ, ನಿಮ್ಮ ಕಾಲೇಜಿನ ಸ್ಕಾಲರ್‌ಶಿಪ್ ಎಲ್ಲ ಕಿತ್ಕಂಡ್ರಂತಲ್ಲ, ನಿಂದೂ ಹೋಯ್ತಾ ಎಂತ?" ನನಗೆ ಯಾವ ಸ್ಕಾಲರ್‌ಶಿಪ್ಪೂ ಇರಲಿಲ್ಲ, ಇದ್ದದ್ದು ಬ್ಯಾಂಕಿನ ಸಾಲ, ಅದನ್ನು ಯಾರೂ ಕಿತ್ತುಕೊಳ್ಳುವುದಿಲ್ಲ ಎಂದು ಸಮಾಧಾನ ಮಾಡಿದೆ.

ಆ ಸಾಲದ ದೆಸೆಯಿಂದಲೇ ನಾನು ಟ್ಯೂಟರ್ ಆದದ್ದು. ಕ್ರೀಡಾಪಟುಗಳ ಓದಿಗೆಂದೇ ಒಂದು ವಿಭಾಗವಿತ್ತು. 2012ರಲ್ಲಿ ಮೆಕೇ ಸೆಂಟರ್ ಎಂಬ ಹೊಸ ಕಟ್ಟಡ ಬಂದ ಮೇಲೆ ಆ ಕೆಲಸವೆಲ್ಲ ಅದರ ನೆಲಮಾಳಿಗೆಯಲ್ಲಿ. ಗಂಟೆಗಿಷ್ಟು ಎಂದು ಸಂಬಳ. ಕೆಲಸ ಶುರುಮಾಡುವ ಮೊದಲು ನಿಯಮಗಳ ತರಬೇತಿ ಆಗಬೇಕು, ಆಮೇಲೆ ಕಾಗದಕ್ಕೆ ಸಹಿ. ಆಟಗಾರನಿಗೆ ಕಾಫಿ ಕೊಡಿಸುವಂತಿಲ್ಲ. ಕಾರಿನಲ್ಲಿ ಡ್ರಾಪ್ ಕೊಡುವಂತಿಲ್ಲ. ಅವನ ಪರವಾಗಿ ಒಂದು ವಾಕ್ಯವನ್ನೂ ಟೈಪ್ ಮಾಡುವಂತಿಲ್ಲ. ಬುಷ್ ಪ್ರಕರಣದ ಬಿಸಿ ಆರಿರದ ಕಾಲ ಅದು, ನಿಯಮ ಪಾಲನೆ ನೋಡಿಕೊಳ್ಳುವ ಸಿಬ್ಬಂದಿಯನ್ನು ಹೆಚ್ಚಿಸಿದ್ದರು. ಒಮ್ಮೆ ಅಮ್ಮ ಕಳಿಸಿದ ಕೋಡುಬಳೆಯನ್ನು ಬಿಡುವಿನಲ್ಲಿ ತಿನ್ನುತ್ತಿದ್ದೆ. ನೂರಮೂವತ್ತು ಕಿಲೋ ಇರಬಹುದಾದ ಒಬ್ಬ ಲೈನ್‌ಮನ್, ಅಂದರೆ ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಳ್ಳುವ ಆಟಗಾರ, ಬಂದು ಕೂತು ಅದನ್ನೇ ನೋಡಿದ. ನಾನು ಡಬ್ಬಿ ಮುಚ್ಚಿದೆ. ಅವನೇ ನಕ್ಕು, "ಬೇಡ ಬಿಡು, ನಿನ್ನ ಕೆಲಸ ಹೋಗುತ್ತೆ, ನನ್ನ ಸೀಸನ್ ಹೋಗುತ್ತೆ" ಅಂದ. ಮನೆಗೆ ಬಂದವರಿಗೆ, ಎದುರು ಕೂತವರಿಗೆ ಕೊಡದೆ ತಿನ್ನಬಾರದು ಅಂತ ಬೆಳೆದವನಿಗೆ ಆ ಡಬ್ಬಿ ಮುಚ್ಚುವುದು ಎಷ್ಟು ಕಷ್ಟ ಅಂತ ಅಮೆರಿಕದವರಿಗೆ ಹೇಳಿ ಪ್ರಯೋಜನವಿಲ್ಲ.

ಲೆಕ್ಕ ನನಗೆ ಬಿಡಿಸಿ ತೋರಿಸಿದವನೂ ಅವನೇ. ಅದಕ್ಕೆ ಮೊದಲು ಆಟದ ಬಗ್ಗೆ ನಾಲ್ಕು ಮಾತು. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಕಣದಲ್ಲಿ ಒಂದು ಕಡೆಗೆ 11 ಜನ. ಆದರೆ ದಾಳಿಗೆ ಒಂದು ಹನ್ನೊಂದು, ರಕ್ಷಣೆಗೆ ಬೇರೆಯೇ ಹನ್ನೊಂದು, ಚೆಂಡು ಒದೆಯುವ ಹೊತ್ತಿಗೆ ಇನ್ನೊಂದು ಗುಂಪು. ಪ್ರತಿ ಜಾಗಕ್ಕೂ ಹಿಂದೆ ಒಬ್ಬ, ಅವನ ಹಿಂದೆ ಮತ್ತೊಬ್ಬ ತಯಾರಿರಬೇಕು, ಏಕೆಂದರೆ ಪ್ರತಿ ಶನಿವಾರ ಯಾರಾದರೊಬ್ಬರ ಮಂಡಿಯೋ ಭುಜವೋ ಹೋಗುತ್ತದೆ. ಹೀಗಾಗಿ ದೊಡ್ಡ ಕಾಲೇಜುಗಳಿಗೆ ಎನ್‌ಸಿಎಎ ಇಟ್ಟಿದ್ದ ಮಿತಿ 85 ಸ್ಕಾಲರ್‌ಶಿಪ್, ಅದರೊಳಗೆ ವರ್ಷಕ್ಕೆ ಹೊಸಬರು 25. ಯುಎಸ್‌ಸಿಗೆ ಶಿಕ್ಷೆಯ ಅವಧಿಯಲ್ಲಿ ಒಟ್ಟು ಮಿತಿ 75, ಹೊಸಬರು ವರ್ಷಕ್ಕೆ 15.

ಒಂದು ಭಾನುವಾರ ಸಂಜೆ. ಹಿಂದಿನ ರಾತ್ರಿ ಪಂದ್ಯವಿತ್ತು. ಅವನ ಭುಜಕ್ಕೆ ಐಸಿನ ಚೀಲವನ್ನು ಪ್ಲಾಸ್ಟಿಕ್ ಹಾಳೆಯಿಂದ ಸುತ್ತಿ ಕಟ್ಟಿದ್ದರು. ಅದು ಕರಗಿ ಮೊಣಕೈ ಮೇಲೆ ಹರಿದು ಸ್ಟ್ಯಾಂಡರ್ಡ್ ಡೀವಿಯೇಷನ್‌ನ ಹಾಳೆಯ ಮೇಲೆ ತೊಟ್ಟಿಕ್ಕುತ್ತಿತ್ತು. ಬೆರಳುಗಳಿಗೆಲ್ಲ ಟೇಪು. ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿದು ಹಾಳೆಯ ಹಿಂಭಾಗದಲ್ಲಿ ಚೌಕಗಳನ್ನು ಬರೆದ. ಮೊದಲ ಸಾಲಿನಲ್ಲಿ ಐದು ಚೌಕ: ದಾಳಿಯ ಲೈನಿನ ಐವರು. ಎರಡನೆಯ ಸಾಲಿನಲ್ಲಿ ಮೂರು ಚೌಕ ತುಂಬಿದ. ಮೂರನೆಯ ಸಾಲಿನಲ್ಲಿ ಒಂದು ಚೌಕದಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿ ಪೆನ್ಸಿಲ್ ಇಟ್ಟುಬಿಟ್ಟ. ಇದನ್ನು ಡೆಪ್ತ್ ಚಾರ್ಟ್ ಅನ್ನುತ್ತಾರೆ. ಎಲ್ಲರೂ ಮೊದಲ ಸಾಲು ನೋಡುತ್ತಾರೆ, ನೀನು ಮೂರನೇ ಸಾಲು ನೋಡು ಅಂದ.

ನಾನು ಲೆಕ್ಕದ ಮೇಷ್ಟ್ರಾದ್ದರಿಂದ ಮುಂದಿನದು ನಾನೇ ಮಾಡಿದೆ. ಆಗ ಒಬ್ಬ ಆಟಗಾರ ಸಾಮಾನ್ಯವಾಗಿ ಹೆಚ್ಚೆಂದರೆ ಐದು ವರ್ಷ ಇರಬಹುದಿತ್ತು, ಅದರಲ್ಲಿ ಆಡುವುದು ನಾಲ್ಕು. ಬಂದ ವರ್ಷ ಆಡದೆ, ತಿಂದು, ತೂಕ ಎತ್ತಿ, ಮೈ ಬೆಳೆಸಿಕೊಳ್ಳುವುದಕ್ಕೆ ರೆಡ್‌ಶರ್ಟ್ ವರ್ಷ ಎಂದು ಹೆಸರು. ವರ್ಷಕ್ಕೆ 25 ಜನ ತೆಗೆದುಕೊಂಡರೆ ನಾಲ್ಕು ವರ್ಷಕ್ಕೆ ನೂರು. ಕೆಲವರು ಗಾಯವಾಗಿ ಬಿಡುತ್ತಾರೆ, ಕೆಲವರು ಬೇರೆ ಕಾಲೇಜಿಗೆ ಹೋಗುತ್ತಾರೆ, ಚೆನ್ನಾಗಿ ಆಡುವವರು ಮೂರನೇ ವರ್ಷಕ್ಕೇ ಎನ್‌ಎಫ್‌ಎಲ್ ಕಡೆ ಹೊರಡುತ್ತಾರೆ, ಒಬ್ಬಿಬ್ಬರು ನನ್ನ ಪಾಠ ಕೇಳಿಯೂ ಫೇಲಾಗುತ್ತಾರೆ. ಆದರೂ 85 ತುಂಬುತ್ತದೆ. ಅದೇ ವರ್ಷಕ್ಕೆ 15 ಎಂದರೆ? ಹದಿನೈದೈದ್ಲ ಎಪ್ಪತ್ತೈದು. ಐದು ವರ್ಷಗಳಲ್ಲಿ ಸೇರಿದ ಹುಡುಗರಲ್ಲಿ ಒಬ್ಬನೇ ಒಬ್ಬನೂ ಬಿಡದೆ, ಗಾಯಗೊಳ್ಳದೆ, ಫೇಲಾಗದೆ ಉಳಿದರೆ ಮಾತ್ರ 75. ಅದು ಎಲ್ಲೂ ಆಗದ ಮಾತು. 85ರಿಂದ 75ಕ್ಕೆ ಇಳಿಸಿದ್ದು ಕಾಣುವ ಶಿಕ್ಷೆ. 25ನ್ನು 15 ಮಾಡಿದ್ದು ನಿಜವಾದ ಶಿಕ್ಷೆ. ಒಂದು ವರ್ಷ ಇಪ್ಪತ್ತು ಜನ ಹೊರಟುಹೋದರೆ ಒಳಗೆ ಬರುವವರು ಹದಿನೈದೇ. ಎಪ್ಪತ್ತೈದರ ಮಿತಿಯನ್ನು ಮುಟ್ಟುವುದೇ ಕಷ್ಟ.

ಯುಎಸ್‌ಸಿ ಮೇಲ್ಮನವಿ ಹಾಕಿತ್ತು, ಶಿಕ್ಷೆ ಅರ್ಧ ಮಾಡಿ ಎಂದು. ತೀರ್ಮಾನವಾಗುವವರೆಗೆ ಸ್ಕಾಲರ್‌ಶಿಪ್ ಕಡಿತ ತಡೆಹಿಡಿಯಲ್ಪಟ್ಟಿತು. 2011ರ ಮೇ ತಿಂಗಳಲ್ಲಿ ಮನವಿ ವಜಾ ಆಯಿತು. ಹಾಗಾಗಿ ಕಡಿತ ಜಾರಿಗೆ ಬಂದದ್ದು 2012, 2013, 2014ರ ಸೀಸನ್‌ಗಳಿಗೆ. ಬುಷ್ ಓಡುತ್ತಿದ್ದಾಗ ಈ ಹುಡುಗರು ಐದನೇ ಕ್ಲಾಸಿನ ಆಸುಪಾಸಿನಲ್ಲಿದ್ದವರು.

2011ರ ಸೀಸನ್, ಅಂದರೆ ನಾನು ಹೋದ ವರ್ಷ, ಕಡಿತ ಇನ್ನೂ ಬಿದ್ದಿರಲಿಲ್ಲ. ಲೇನ್ ಕಿಫಿನ್ ಕೋಚ್, ಮ್ಯಾಟ್ ಬಾರ್ಕ್ಲಿ ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ದಾಳಿ ನಡೆಸುವವನು. ನಮಗೆ ಆಟದ ತಲೆಬುಡ ಗೊತ್ತಿಲ್ಲದಿದ್ದರೂ ವಿದ್ಯಾರ್ಥಿಗಳ ಟಿಕೆಟ್ ಕೊಂಡು ಕೊಲಿಸಿಯಂಗೆ ಹೋಗುತ್ತಿದ್ದೆವು. 1932 ಮತ್ತು 1984ರ ಒಲಿಂಪಿಕ್ಸ್ ನಡೆದ ಕ್ರೀಡಾಂಗಣ ಅದು, ಕ್ಯಾಂಪಸ್‌ನಿಂದ ರಸ್ತೆ ದಾಟಿದರೆ ಸಿಗುತ್ತದೆ. ಹೋಗುವಾಗ ಗೇಟಿನ ಬಳಿಯ ಕಂಬವನ್ನು ಕಾಲಿನಿಂದ ಒದ್ದು ಹೋಗುವುದು ಅಲ್ಲಿಯ ಸಂಪ್ರದಾಯ. ಕಂಬಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ನಾವೂ ಒದ್ದೆವು. ನವೆಂಬರ್ ಕೊನೆಗೆ ಊರಿನ ಎದುರಾಳಿ ಯುಸಿಎಲ್‌ಎಯನ್ನು 50–0 ಅಂತರದಲ್ಲಿ ಬಗ್ಗುಬಡಿದದ್ದು ನೋಡಿದೆ. ನಿಷೇಧವಿದ್ದದ್ದರಿಂದ ಗೆದ್ದವರು ಮನೆಗೆ, ಐವತ್ತು ಅಂಕದಿಂದ ಸೋತವರು ನಮ್ಮ ಲೀಗಾದ ಪ್ಯಾಕ್-12ರ ಫೈನಲ್‌ಗೆ! 10–2ರಲ್ಲಿ, ಅಂದರೆ ಹತ್ತು ಗೆಲುವು ಎರಡು ಸೋಲಿನಲ್ಲಿ, ಸೀಸನ್ ಮುಗಿಯಿತು. ಬಾರ್ಕ್ಲಿ ಎನ್‌ಎಫ್‌ಎಲ್‌ಗೆ ಹೋಗದೆ ಇನ್ನೊಂದು ವರ್ಷ ಉಳಿಯುತ್ತೇನೆ ಎಂದಾಗ ಕ್ಯಾಂಪಸ್‌ಗೆ ಹಬ್ಬ. ಶಿಕ್ಷೆಯ ಕಥೆ ಮುಗಿಯಿತು ಅಂತಲೇ ಎಲ್ಲರ ಲೆಕ್ಕ.

2012ರ ಸೀಸನ್ ಶುರುವಾಗುವ ಮೊದಲು ಎಪಿ ಸುದ್ದಿಸಂಸ್ಥೆಯ ದೇಶದ ಅಗ್ರ ತಂಡಗಳ ಪಟ್ಟಿಯಲ್ಲಿ ಯುಎಸ್‌ಸಿಗೆ ಮೊದಲ ಸ್ಥಾನ. ಅದೇ ಬೇಸಿಗೆಯಲ್ಲಿ ಪೆನ್ ಸ್ಟೇಟ್ ಎಂಬ ಇನ್ನೊಂದು ದೊಡ್ಡ ಯುನಿವರ್ಸಿಟಿಗೆ ಶಿಕ್ಷೆಯಾಯಿತು. ಅಲ್ಲಿಯದು ಬೇರೆಯೇ, ಘೋರವಾದ ಅಪರಾಧ. 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ಬೌಲ್ ನಿಷೇಧ, ಒಟ್ಟು ಸ್ಕಾಲರ್‌ಶಿಪ್ ಮಿತಿ 65. ಅಲ್ಲಿಯ ಆಟಗಾರರು ಒಂದು ವರ್ಷ ಕಾಯದೆ ಬೇರೆ ಕಡೆ ಹೋಗಬಹುದು ಎಂದಾಗ ಸೈಲಾಸ್ ರೆಡ್ ಎಂಬ ಅವರ ಮುಖ್ಯ ಓಟಗಾರ ನಮ್ಮಲ್ಲಿಗೇ ಬಂದ. ಎರಡು ವರ್ಷದ ಹಿಂದೆ ಇದೇ ಬಾಗಿಲಿನಿಂದ ನಮ್ಮವರು ಹೊರಹೋಗಿದ್ದರು. ಸಿಯಾಂಟ್ರಲ್ ಹೆಂಡರ್ಸನ್ ಎಂಬ ದೈತ್ಯ ಲೈನ್‌ಮನ್ ಯುಎಸ್‌ಸಿಗೆ ಸಹಿ ಮಾಡಿದವನು, ಶಿಕ್ಷೆ ಬಿದ್ದ ಮೇಲೆ ಮಯಾಮಿ ಯುನಿವರ್ಸಿಟಿಗೆ ಹೋದ. ತೀರ್ಪು ಕೊಟ್ಟ ಸಮಿತಿಯ ಅಧ್ಯಕ್ಷ ಪಾಲ್ ಡೀ ಮೊದಲು ಅದೇ ಮಯಾಮಿಯ ಕ್ರೀಡಾ ನಿರ್ದೇಶಕರಾಗಿದ್ದವರು. ಈ ಸಂಗತಿಯನ್ನು ನನಗೆ ಹೇಳದ ಯುಎಸ್‌ಸಿ ಅಭಿಮಾನಿಯೇ ಇಲ್ಲ. ಕ್ಷೌರದಂಗಡಿಯವನೂ ಹೇಳಿದ.

ಆ ವರ್ಷ ನಾನು ಕಣ್ಣಾರೆ ಕಂಡದ್ದು ಮೂರನೇ ಸಾಲಿನ ಖಾಲಿ ಚೌಕ ಏನು ಮಾಡುತ್ತದೆ ಎಂಬುದನ್ನು. ಆರಂಭದ ಆಟಗಾರರು ಯಾರಿಗೂ ಕಡಿಮೆ ಇರಲಿಲ್ಲ. ಮಾರ್ಕೀಸ್ ಲೀ ಅರಿಜೋನಾ ವಿರುದ್ಧ ಒಬ್ಬನೇ 345 ಗಜ ಚೆಂಡು ಹಿಡಿದ, ತಂಡ 39–36ರಲ್ಲಿ ಸೋತಿತು. ಮುಂದಿನ ವಾರ ಆರಿಗನ್ ತಂಡ ಕೊಲಿಸಿಯಂನಲ್ಲೇ 62 ಅಂಕ ಹೊಡೆಯಿತು. ಅವರ ಓಟಗಾರ ಕೆಂಜನ್ ಬಾರ್ನರ್ 321 ಗಜ ಓಡಿದ. ಅವತ್ತು ನಾನು ಚೆಂಡು ನೋಡುವುದು ಬಿಟ್ಟು ನಮ್ಮ ರಕ್ಷಣೆಯ ಹುಡುಗರನ್ನೇ ನೋಡುತ್ತಿದ್ದೆ. ಆರಿಗನ್‌ನವರು ಒಂದು ಆಟ ಮುಗಿಯುತ್ತಲೇ ಇನ್ನೊಂದಕ್ಕೆ ನಿಲ್ಲುವವರು, ಉಸಿರಾಡಲು ಬಿಡುವವರಲ್ಲ. ನಮ್ಮವರು ಸೊಂಟದ ಮೇಲೆ ಕೈ ಇಟ್ಟು ಬಾಗಿ ನಿಂತು ಬೆಂಚಿನ ಕಡೆ ನೋಡುತ್ತಿದ್ದರು.

ಇನ್ನೊಂದು ಪರಿಣಾಮ ಕ್ರೀಡಾಂಗಣದಲ್ಲಿ ಕಾಣುವಂಥದ್ದಲ್ಲ. ಇರುವವರೇ ಕಡಿಮೆ, ಅಭ್ಯಾಸದಲ್ಲಿ ಗಾಯವಾದರೆ ಶನಿವಾರಕ್ಕೆ ಜನ ಇಲ್ಲ ಎಂದು ಕಿಫಿನ್ ಆ ವರ್ಷ ಅಭ್ಯಾಸದಲ್ಲಿ ಪೂರ್ಣ ಬಲದ ಟ್ಯಾಕ್ಲಿಂಗನ್ನು ಬಹುಮಟ್ಟಿಗೆ ನಿಲ್ಲಿಸಿದ್ದರು. ಇದು ಪತ್ರಿಕೆಗಳಲ್ಲೂ ಬಂತು. ವಾರವಿಡೀ ಎದುರಾಳಿಯನ್ನು ಕೆಡವದೆ ಇದ್ದವನು ಶನಿವಾರ ಕೆಡವುವುದು ಹೇಗೆ? ಮರುವರ್ಷ ಮೈಮುಟ್ಟಿ ಅಭ್ಯಾಸ ಮತ್ತೆ ಶುರುವಾಯಿತು, ಗಾಯಾಳುಗಳ ಪಟ್ಟಿಯೂ ಬೆಳೆಯಿತು. ಮಾಡಿದರೂ ಕಷ್ಟ, ಬಿಟ್ಟರೂ ಕಷ್ಟ. ಭಾನುವಾರದ ಪಾಠಕ್ಕೆ ಊರುಗೋಲು ಹಿಡಿದು ಬರುವವರಿಗಾಗಿ ನಾವು ಬಾಗಿಲ ಹತ್ತಿರದ ಮೇಜನ್ನೇ ಬಿಟ್ಟಿರುತ್ತಿದ್ದೆವು.

ಯುಸಿಎಲ್‌ಎ ವಿರುದ್ಧ ಬಾರ್ಕ್ಲಿಯ ಭುಜ ಹೋಯಿತು. ಟೆಕ್ಸಸ್‌ನ ಎಲ್ ಪಾಸೋದಲ್ಲಿ ಸನ್ ಬೌಲ್‌ನಲ್ಲಿ ಜಾರ್ಜಿಯಾ ಟೆಕ್ 21–7ರಲ್ಲಿ ಸೋಲಿಸಿತು. 7–6. ಮೊದಲ ಸ್ಥಾನದಲ್ಲಿ ಶುರುಮಾಡಿದ ತಂಡ ಕೊನೆಗೆ ಪಟ್ಟಿಯಲ್ಲೇ ಇಲ್ಲ. 1964ರ ನಂತರ ಯಾರಿಗೂ ಹಾಗಾಗಿರಲಿಲ್ಲ.

ಜಾಗ ತುಂಬುತ್ತಿದ್ದವರು ವಾಕ್-ಆನ್ ಹುಡುಗರು. ಸ್ಕಾಲರ್‌ಶಿಪ್ ಇಲ್ಲದೆ, ತಮ್ಮ ಫೀಸು ತಾವೇ ಕಟ್ಟಿ, ಆಡುವ ಆಸೆಗೆ ತಂಡ ಸೇರಿದವರು. ಎದುರಾಳಿ ತಂಡದ ಆಟವನ್ನು ಅನುಕರಿಸಿ ತೋರಿಸುವ ಸ್ಕೌಟ್ ಟೀಮ್ ಇವರದ್ದೇ. ವಾರವಿಡೀ ಏಟು ತಿನ್ನುವ ಕೆಲಸ. ನನ್ನಲ್ಲಿಗೆ ಬರುತ್ತಿದ್ದ ಒಬ್ಬನಿದ್ದ, ರಕ್ಷಣೆಯಲ್ಲಿ ಆಡುವವನು, ಮೈಕಟ್ಟು ನೋಡಿದರೆ ಫುಟ್‌ಬಾಲ್ ಅನ್ನಿಸದು. ಅವನ ಸಾಲ ನನ್ನ ಸಾಲಕ್ಕಿಂತ ಹೆಚ್ಚಿತ್ತು. ಬಡ್ಡಿ ಚಕ್ರಬಡ್ಡಿಯ ಪಾಠ ಬಂದಾಗ ಇಬ್ಬರೂ ನಮ್ಮ ನಮ್ಮ ಸಾಲದ ಅಂಕಿಗಳನ್ನೇ ಹಾಕಿ ಬಿಡಿಸಿದೆವು. ಉತ್ತರ ನೋಡಿ ಇಬ್ಬರಿಗೂ ಮಾತು ಹೊರಡಲಿಲ್ಲ. ಬೇರೆ ಕಾಲವಾಗಿದ್ದರೆ ಅವನು ನಾಲ್ಕು ವರ್ಷ ಪಕ್ಕದ ಗೆರೆಯಾಚೆ ನಿಂತು ಕಳೆಯುತ್ತಿದ್ದ. ಶಿಕ್ಷೆಯ ದೆಸೆಯಿಂದ ಅವನಿಗೆ ಕಿಕ್‌ಆಫ್ ಗುಂಪಿನಲ್ಲಿ ಆಡಲು ಸಿಕ್ಕಿತು. ಈ ಶಿಕ್ಷೆಯಿಂದ ಲಾಭವಾದ ಒಬ್ಬನೇ ಮನುಷ್ಯ ನಾನು ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಸೋಮವಾರ ಮಾತ್ರ ಕುರ್ಚಿಯಲ್ಲಿ ಕೂರಲು ಒದ್ದಾಡುತ್ತಿದ್ದ.

2013ರ ಸೆಪ್ಟೆಂಬರ್ ಕೊನೆಯ ವಾರ ನೆನಪಿಡುವಂಥದ್ದು. ಪೆನ್ ಸ್ಟೇಟ್ ಚೆನ್ನಾಗಿ ನಡೆದುಕೊಂಡಿದೆ ಎಂದು ಎನ್‌ಸಿಎಎ ಅವರ ಸ್ಕಾಲರ್‌ಶಿಪ್‌ಗಳನ್ನು ಹಂತಹಂತವಾಗಿ ವಾಪಸು ಕೊಡುತ್ತೇವೆ ಎಂದಿತು. ನಮ್ಮ ಕ್ರೀಡಾ ನಿರ್ದೇಶಕ ಪ್ಯಾಟ್ ಹೇಡನ್ ಕೂಡಲೇ ಎನ್‌ಸಿಎಎ ಕಚೇರಿ ಇರುವ ಇಂಡಿಯಾನಾಪೊಲಿಸ್‌ಗೆ ಹೋಗಿ ನಮಗೂ ಸಡಿಲಿಸಿ ಎಂದು ಕೇಳಿದರು. ಆಗುವುದಿಲ್ಲ ಎಂಬ ಉತ್ತರ ಬಂತು. ಆ ಶನಿವಾರ ಅರಿಜೋನಾ ಸ್ಟೇಟ್ ವಿರುದ್ಧ 62–41ರ ಸೋಲು. ತಂಡದ ವಿಮಾನ ಲಾಸ್ ಏಂಜಲೀಸ್‌ನಲ್ಲಿ ಇಳಿಯುತ್ತಿದ್ದಂತೆ, ನಡುರಾತ್ರಿ ದಾಟಿದ ಮೇಲೆ, ಕಿಫಿನ್‌ರನ್ನು ಕೆಲಸದಿಂದ ತೆಗೆದರು. ಭಾನುವಾರ ಸಂಜೆ ಪಾಠಕ್ಕೆ ಬಂದ ಹುಡುಗರು ಫೋನುಗಳನ್ನು ಮೇಜಿನ ಮೇಲೆ ಮಗುಚಿ ಇಟ್ಟು ಸಂಭವನೀಯತೆಯ ಲೆಕ್ಕ ಮಾಡಿದರು. ಎಂದೂ ಅಷ್ಟು ಶ್ರದ್ಧೆಯಿಂದ ಕಲಿತವರಲ್ಲ.

ಅಕ್ಟೋಬರ್‌ನಲ್ಲಿ ಮಯಾಮಿಯ ತೀರ್ಪು ಬಂತು. ಒಬ್ಬ ಶ್ರೀಮಂತ ಅಭಿಮಾನಿ ವರ್ಷಗಟ್ಟಲೆ ಆಟಗಾರರಿಗೆ ಉಡುಗೊರೆ ಕೊಟ್ಟ ಪ್ರಕರಣ ಅದು. ಮಯಾಮಿ ಮೊದಲೇ ತಾನಾಗಿ ಎರಡು ವರ್ಷ ಬೌಲ್ ಬಿಟ್ಟಿತ್ತು ನಿಜ. ಆದರೆ ಸ್ಕಾಲರ್‌ಶಿಪ್ ಕಡಿತ 9 ಮಾತ್ರ. ನಮಗೆ 30, ಅವರಿಗೆ 9. ಕ್ಯಾಂಪಸ್ ಪತ್ರಿಕೆ ಓದದವರೂ ಅವತ್ತು ಓದಿದರು.

ಹಾಗಿದ್ದೂ ಆ ತಂಡ ಎದ್ದು ನಿಂತಿತು. ಹಂಗಾಮಿ ಕೋಚ್ ಎಡ್ ಓರ್ಜರಾನ್ ಗೊಗ್ಗರು ದನಿಯ, ಹುಡುಗರು ಪ್ರಾಣ ಕೊಡುವಂಥ ಮನುಷ್ಯ. ಊಟದ ಮೇಜಿಗೆ ಕುಕೀಸ್ ವಾಪಸು ತಂದದ್ದು ಅವರ ಮೊದಮೊದಲ ಸುಧಾರಣೆಗಳಲ್ಲೊಂದು. ಕೋಡುಬಳೆಗೆ ಅನುಮತಿ ಇರಲಿಲ್ಲ, ಇರಲಿ. ನವೆಂಬರ್ 16ರಂದು ದೇಶದ ಮೊದಲ ಐದರೊಳಗಿದ್ದ ಸ್ಟ್ಯಾನ್‌ಫರ್ಡ್ ಬಂತು. ನಮ್ಮ ರಕ್ಷಣೆಯ ಆರಂಭದ ಆಟಗಾರರೇ ಹೆಚ್ಚುಕಡಿಮೆ ಇಡೀ ಪಂದ್ಯ ಕಣದಲ್ಲಿದ್ದರು, ಬದಲಿಗೆ ಬಂದವರು ಬೆರಳೆಣಿಕೆ. 19 ಸೆಕೆಂಡು ಉಳಿದಿದ್ದಾಗ ಆಂಡ್ರೆ ಹೈದರಿ 47 ಗಜದಿಂದ ಒದ್ದ ಚೆಂಡು ಕಂಬಗಳ ನಡುವೆ ಹೋಯಿತು, 20–17. ಕಟಕಟೆ ಹಾರಿ ಹುಲ್ಲಿಗೆ ಇಳಿದವರಲ್ಲಿ ನಾನೂ ಇದ್ದೆ. ಆದರೆ ತಿಂಗಳ ಕೊನೆಗೆ ಯುಸಿಎಲ್‌ಎ ಮುಂದೆ ಅದೇ ಹುಡುಗರ ಕಾಲು ಏಳಲಿಲ್ಲ, 35–14. ಸಣ್ಣ ತಂಡ ಒಂದು ರಾತ್ರಿ ಯಾರನ್ನಾದರೂ ಸೋಲಿಸಬಲ್ಲದು, ಹದಿಮೂರು ವಾರ ಸೋಲಿಸಲಾರದು.

ಓರ್ಜರಾನ್‌ಗೆ ಕೆಲಸ ಕೊಡಲಿಲ್ಲ. ಸ್ಟೀವ್ ಸಾರ್ಕೀಸಿಯನ್ ಬಂದರು. 2014ರ ಜೂನ್‌ನಲ್ಲಿ ಪ್ರೊಬೇಷನ್ ಮುಗಿದಾಗ ಎಲ್ಲ ಕಡೆ "ಶಿಕ್ಷೆ ಮುಗಿಯಿತು" ಎಂಬ ಸಂಭ್ರಮ. ನನ್ನ ಹತ್ತಿರ ಇದ್ದ ಲೆಕ್ಕ ಬೇರೆ ಹೇಳುತ್ತಿತ್ತು. ಅಡಿಕೆ ತೋಟದಲ್ಲಿ ಮೂರು ವರ್ಷ ಸಸಿ ನೆಡದಿದ್ದರೆ ಆ ಮೂರು ವರ್ಷದ ಫಸಲಿಗೆ ಏನೂ ಆಗುವುದಿಲ್ಲ, ಹೊಡೆತ ಗೊತ್ತಾಗುವುದು ಹಳೇ ಮರಗಳು ಬೀಳತೊಡಗಿದ ಮೇಲೆ. ಇಲ್ಲೂ ಹಾಗೆ. 2012ರಲ್ಲಿ ಸಹಿ ಮಾಡಿದ ಸಣ್ಣ ತಂಡ 2012ರಲ್ಲಿ ಮೊದಲ ವರ್ಷದ ಹುಡುಗರು, ಅವರ ಕೊರತೆ ಆಗ ಕಾಣುವುದಿಲ್ಲ. 2015ಕ್ಕೆ ಅವರೇ ಹಿರಿಯರಾಗಬೇಕು, ತಂಡದ ಬೆನ್ನೆಲುಬಾಗಬೇಕು. ಅಲ್ಲಿ ಜನವೇ ಇಲ್ಲ. 2014ರಲ್ಲಿ ಸಹಿ ಮಾಡಿದವರ ಕೊರತೆ 2017, 2018ರವರೆಗೆ ಎಳೆಯುತ್ತದೆ. ಕುಳಿ ವರ್ಷಕ್ಕೊಂದು ತರಗತಿಯಂತೆ ಮೇಲಕ್ಕೆ ಹತ್ತುತ್ತದೆ.

ಇದು ಎಲ್ಲಕ್ಕಿಂತ ಚೆನ್ನಾಗಿ ಕಂಡದ್ದು ದಾಳಿಯ ಲೈನಿನಲ್ಲಿ. ವೇಗವಾಗಿ ಓಡುವವನು ಹದಿನೆಂಟಕ್ಕೇ ಆಡಬಲ್ಲ. ಲೈನ್‌ಮನ್‌ಗೆ ಹಾಗಲ್ಲ, ಇಪ್ಪತ್ತೊಂದು ಇಪ್ಪತ್ತೆರಡರ ಎದುರಾಳಿಗಳನ್ನು ತಳ್ಳುವ ಬಲ ಬರಲು ಎರಡು ಮೂರು ವರ್ಷ ಬೇಕು. 2014ರಲ್ಲಿ ನಮ್ಮ ಲೈನಿನಲ್ಲಿ ಆಗಷ್ಟೇ ಹೈಸ್ಕೂಲ್ ಮುಗಿಸಿದ ಹುಡುಗರು ನಿಂತಿದ್ದರು. ರೆಡ್‌ಶರ್ಟ್ ಮಾಡಿಸುವ ಐಷಾರಾಮ ಇರಲಿಲ್ಲ. ಅಡೋರೀ ಜಾಕ್ಸನ್ ಎಂಬ ಮೊದಲ ವರ್ಷದ ಹುಡುಗ ದಾಳಿ, ರಕ್ಷಣೆ, ಕಿಕ್ ಹಿಂತಿರುಗಿಸುವುದು ಮೂರನ್ನೂ ಮಾಡುತ್ತಿದ್ದ. ನೋಡಲು ಚಂದ. ಒಬ್ಬನನ್ನೇ ಮೂರು ಕಡೆ ಬಳಸುವ ತಂಡದ ಸ್ಥಿತಿ ಏನು ಅಂತಲೂ ಕೇಳಬೇಕಲ್ಲ. ಆ ವರ್ಷ ಬಾಸ್ಟನ್ ಕಾಲೇಜಿಗೆ ಸೋತರು. ಅರಿಜೋನಾ ಸ್ಟೇಟ್ ವಿರುದ್ಧ ಕೊನೆಯ ಗಳಿಗೆಯಲ್ಲಿ ಎತ್ತಿ ಎಸೆದ ಚೆಂಡಿಗೆ ಸೋತರು.

ಎಲ್ಲವನ್ನೂ ಶಿಕ್ಷೆಯ ತಲೆಗೆ ಕಟ್ಟುವವರ ಜೊತೆ ನನಗೆ ಜಗಳವಿದೆ. ಯುಎಸ್‌ಸಿಯವರು ಕಷ್ಟ ಬಂದಾಗಲೆಲ್ಲ ಹಳೆಯ ಆಲ್ಬಮ್ ತೆಗೆದರು. ಕಿಫಿನ್, ಸಾರ್ಕೀಸಿಯನ್ ಇಬ್ಬರೂ ಕ್ಯಾರೊಲ್ ಕಾಲದ ಸಹಾಯಕರು. ಹೇಡನ್ ಹಳೆಯ ಕ್ವಾರ್ಟರ್‌ಬ್ಯಾಕ್, ಅವರ ನಂತರ ಬಂದ ಲಿನ್ ಸ್ವಾನ್ ಕೂಡ ಹಳೆಯ ಆಟಗಾರ. 2015ರ ಅಕ್ಟೋಬರ್‌ನಲ್ಲಿ ಸೀಸನ್ನಿನ ನಡುವೆಯೇ ಸಾರ್ಕೀಸಿಯನ್‌ರನ್ನೂ ತೆಗೆದರು. ಪೆನ್ ಸ್ಟೇಟ್‌ಗೆ ನಮಗಿಂತ ಕಠಿಣ ಶಿಕ್ಷೆ ಬಿದ್ದಿತ್ತು, ಅವರು ಹೊರಗಿನಿಂದ ಬಿಲ್ ಓಬ್ರಿಯನ್‌ರನ್ನು ತಂದು ಮೊದಲ ವರ್ಷವೇ 8–4 ಮಾಡಿದರು. ಅವರಿಗೆ ಸಡಿಲಿಕೆಯೂ ಬೇಗ ಸಿಕ್ಕಿತು, ಅದನ್ನೂ ಹೇಳಬೇಕು. ಅಲಬಾಮಾಗೆ 2002ರಲ್ಲಿ 21 ಸ್ಕಾಲರ್‌ಶಿಪ್ ಹೋಗಿತ್ತು. 2007ರಲ್ಲಿ ನಿಕ್ ಸೇಬನ್ ಬಂದರು, 2009ರಲ್ಲಿ ಚಾಂಪಿಯನ್. ಇನ್ನೊಂದು ತುದಿಯಲ್ಲಿ ಡಲ್ಲಾಸ್‌ನ ಎಸ್‌ಎಂಯು. 1987ರಲ್ಲಿ ಇಡೀ ಸೀಸನ್ನನ್ನೇ ರದ್ದುಮಾಡಿದರು, ಮತ್ತೊಂದು ಬೌಲ್ ಪಂದ್ಯ ಆಡಲು ಅವರಿಗೆ 2009ರವರೆಗೆ ಬೇಕಾಯಿತು. ಅಂದರೆ ಕಡಿತ ತಂಡವನ್ನು ಕೊಲ್ಲುವುದಿಲ್ಲ, ತಪ್ಪು ಮಾಡಲು ಇರುವ ಅವಕಾಶವನ್ನು ಕಿತ್ತುಕೊಳ್ಳುತ್ತದೆ. 85 ಜನ ಇದ್ದಾಗ ಕೋಚ್ ಹತ್ತು ಹುಡುಗರನ್ನು ತಪ್ಪಾಗಿ ಆರಿಸಿದರೂ ನಡೆದುಹೋಗುತ್ತದೆ. ಹದಿನೈದರಲ್ಲಿ ನಾಲ್ಕು ತಪ್ಪಿದರೆ ಆ ವರ್ಷದ ಕಾಲುಭಾಗ ಹೋಯಿತು.

2017ರ ಜನವರಿ 2ರಂದು ರೋಸ್ ಬೌಲ್‌ನಲ್ಲಿ ಎದುರುಬದುರಾದವರು ಯುಎಸ್‌ಸಿ ಮತ್ತು ಪೆನ್ ಸ್ಟೇಟ್. ಇಬ್ಬರೂ ಶಿಕ್ಷೆಯ ಪಾಲಾದವರು. ನಾವು ಐದಾರು ಕನ್ನಡದವರು ಒಬ್ಬರ ಮನೆಯಲ್ಲಿ ಬಿಸಿಬೇಳೆಬಾತ್ ಇಟ್ಟುಕೊಂಡು ಟಿವಿ ಮುಂದೆ ಕೂತಿದ್ದೆವು. ಕೊನೆಯ ಕ್ವಾರ್ಟರ್‌ಗೆ ಹದಿನಾಲ್ಕು ಅಂಕ ಹಿಂದಿದ್ದ ನಮ್ಮವರನ್ನು ಸ್ಯಾಮ್ ಡಾರ್ನಲ್ಡ್ ಎಳೆದು ತಂದ, ಕೊನೆಯ ಒದೆತದಲ್ಲಿ 52–49. ಮನೆಯೊಡತಿ ಅಕ್ಕ, "ಇನ್ನಾದ್ರೂ ನಿಮ್ಮ ಆ ಸ್ಕಾಲರ್‌ಶಿಪ್ ಪುರಾಣ ನಿಲ್ಲಿಸ್ತೀರಾ?" ಅಂದರು. ನಿಲ್ಲಲಿಲ್ಲ. 2018ರಲ್ಲಿ ತಂಡ 5–7, 2021ರಲ್ಲಿ 4–8. ಅಷ್ಟು ಹೊತ್ತಿಗೆ ನಾನು ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದೆ. 2021ರ ಸೋಲನ್ನು 2010ರ ತೀರ್ಪಿಗೆ ಕಟ್ಟುವವರನ್ನು ನಾನು ನಂಬುವುದಿಲ್ಲ, ಅಲ್ಲಿಗೆ ಲೆಕ್ಕ ಹೋಗುವುದಿಲ್ಲ.

ಆಟವೇ ಬದಲಾಗಿದೆ. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿಕೊಂಡು ಹಣ ಮಾಡಬಹುದು. 2024ರ ಏಪ್ರಿಲ್‌ನಲ್ಲಿ ಬುಷ್‌ಗೆ ಆ ಪ್ರಕರಣದಿಂದ ಕಳೆದುಕೊಂಡಿದ್ದ ಹೈಸ್‌ಮನ್ ವಾಪಸು ಸಿಕ್ಕಿತು. 2023ರಲ್ಲಿ ಟೆನೆಸ್ಸೀಗೆ ಶಿಕ್ಷೆಯಾದಾಗ 80 ಲಕ್ಷ ಡಾಲರ್ ದಂಡ, ಐದು ವರ್ಷಕ್ಕೆ ಹಂಚಿ 28 ಸ್ಕಾಲರ್‌ಶಿಪ್ ಕಡಿತ, ಆದರೆ ಬೌಲ್ ನಿಷೇಧ ಇಲ್ಲ. ತಪ್ಪು ಮಾಡದ ಹುಡುಗರಿಗೆ ಶಿಕ್ಷೆ ಬೇಡ ಎಂಬ ವಾದ ಗೆದ್ದಿತು ಅಂದರು. 28 ಜಾಗ ಯಾರದ್ದು ಮತ್ತೆ? ಮೂರನೇ ಸಾಲಿನ ಚೌಕಗಳನ್ನು ಯಾರೂ ಎಣಿಸುವುದಿಲ್ಲ.

2025ರ ಜೂನ್‌ನಲ್ಲಿ ನ್ಯಾಯಾಲಯದ ಒಪ್ಪಂದವೊಂದರಿಂದ 85ರ ಮಿತಿಯೇ ಹೋಯಿತು. ಈಗ ಒಪ್ಪಂದಕ್ಕೆ ಸೇರಿದ ಕಾಲೇಜು ಎಷ್ಟು ಜನರಿಗೆ ಬೇಕಾದರೂ ಸ್ಕಾಲರ್‌ಶಿಪ್ ಕೊಡಬಹುದು, ತಂಡದಲ್ಲಿ ಒಟ್ಟು 105 ಜನ ಮೀರಬಾರದು ಅಷ್ಟೆ. ಮೊದಲು ವಾಕ್-ಆನ್‌ಗಳು ಸೇರಿ ಅದಕ್ಕಿಂತ ಹೆಚ್ಚೇ ಇರುತ್ತಿದ್ದರು. ಆಗಲೇ ತಂಡದಲ್ಲಿದ್ದು ಈ ಮಿತಿಯಿಂದ ಜಾಗ ಕಳೆದುಕೊಂಡವರಿಗೆ ವಿನಾಯಿತಿ ಕೊಡಲು ನ್ಯಾಯಾಧೀಶೆ ಪಟ್ಟು ಹಿಡಿದರು, ಮುಂದೆ ಬರುವವರಿಗೆ ಅದಿಲ್ಲ. ಸುದ್ದಿ ಓದಿದ ದಿನ ನನ್ನ ಹಳೆಯ ವಾಕ್-ಆನ್ ಶಿಷ್ಯನಿಗೆ ಮೆಸೇಜ್ ಹಾಕಿದೆ. ಅವನೀಗ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು, ಸಂಜೆ ಹುಡುಗರಿಗೆ ಫುಟ್‌ಬಾಲ್ ಕಲಿಸುತ್ತಾನೆ. ಅವನ ಇಬ್ಬರು ಹುಡುಗರು ದೊಡ್ಡ ಕಾಲೇಜಿಗೆ ವಾಕ್-ಆನ್ ಆಗಿ ಹೋಗಬೇಕೆಂದಿದ್ದರಂತೆ, ಜಾಗ ಇಲ್ಲ ಎಂದು ಫೋನ್ ಬಂತಂತೆ. ಅವರನ್ನು ಯಾವ ಸಣ್ಣ ಕಾಲೇಜಿಗೆ ಸೇರಿಸುವುದು ಅಂತ ಫೀಸಿನ ಲೆಕ್ಕ ಹಾಕುತ್ತಿದ್ದೇನೆ, ಸಾಲದ ಬಡ್ಡಿ ಈಗ ಎಷ್ಟಿದೆ ಅಂತ ಕೇಳಿ ಬರೆದಿದ್ದ.